ಅಳಿಯನಿಗೆ ಬಾಕಿಯಿದ್ದ ಚಿನ್ನದ ವಾಚು

ವಾಚು ಕೊಳ್ಳುವವರೆಲ್ಲ ನನ್ನನ್ನೇ ಯಾಕೆ ಹುಡುಕಿಕೊಂಡು ಬರುತ್ತಾರೋ ಇವತ್ತಿಗೂ ಗೊತ್ತಾಗಿಲ್ಲ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಇಪ್ಪತ್ತಾರು ವರ್ಷ ಕೂತಿದ್ದೆ. ಮಾಲೂರು ಬಸ್ಸು ಎಷ್ಟೊತ್ತಿಗೆ, ಶ್ರೀನಿವಾಸಪುರದ್ದು ಹೋಯ್ತಾ ಅಂತ ಕೇಳಿದವರಿಗೆ ಗೋಡೆಯ ಗಡಿಯಾರ ನೋಡಿ ಹೇಳುತ್ತಿದ್ದೆ, ಅಷ್ಟೇ. ಆ ಗಡಿಯಾರವೂ ಹತ್ತು ನಿಮಿಷ ಹಿಂದೆ ಇತ್ತು. ಆದರೆ ನಮ್ಮ ಜನರ ಪ್ರಕಾರ ನಾನು ಟೈಮು ಬಲ್ಲವನು, ಟೈಮು ಬಲ್ಲವನಿಗೆ ವಾಚು ಗೊತ್ತಿರಲೇಬೇಕು. ಹೀಗೇ ಹೋದ ವರ್ಷ ವಕ್ಕಲೇರಿಯಿಂದ ನಮ್ಮಕ್ಕ ಬಂದಳು.

೧. ದಾರಿಯಲ್ಲಿರುವ ವಾಚು

ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನವರು ಗಂಡಿಗೆ ಉಂಗುರ, ವಾಚು ಹಾಕುವುದು ಪದ್ಧತಿ. ಅಕ್ಕನ ಮದುವೆಯಲ್ಲಿ ಉಂಗುರ ಆಯಿತು, ವಾಚು ಆಗಲಿಲ್ಲ. "ಬರೋ ಯುಗಾದಿಗೆ ಹಾಕ್ತೀನಿ ಅಳಿಯಂದ್ರೆ" ಅಂತ ಅಪ್ಪ ಚಪ್ಪರದಲ್ಲಿ ಎಲ್ಲರೆದುರು ಮಾತು ಕೊಟ್ಟ. ಬರಿಗೈ ಚೆನ್ನಾಗಿರಲ್ಲ ಅಂತ ಫೋಟೋದವನೇ ತನ್ನ ವಾಚು ಬಿಚ್ಚಿ ಬಾವನಿಗೆ ಕಟ್ಟಿದ. ಮದುವೆ ಫೋಟೋದಲ್ಲಿ ಬಾವ ಎಡಗೈಯನ್ನೇ ಮುಂದೆ ಮಾಡಿಕೊಂಡು ನಿಂತಿದ್ದಾರೆ, ಅಕ್ಕ ಅರ್ಧ ಮಾತ್ರ ಕಾಣುತ್ತಾಳೆ.

ಅಲ್ಲಿಂದ ಮೂವತ್ತೈದು ವರ್ಷ, ಯಾವ ಹಬ್ಬಕ್ಕೆ ಎಲೆ ಹಾಕಿದರೂ ಬಾವ ಬರಿಗೈ ಎತ್ತಿ ತೋರಿಸುವರು. "ನಮ್ಮ ಮಾವನ ವಾಚು ಇನ್ನೂ ದಾರೀಲಿದೆ!" ಪಂಕ್ತಿಯೆಲ್ಲ ನಗುವುದು. ಅಪ್ಪ ತಲೆ ತಗ್ಗಿಸಿ ಮುದ್ದೆ ಮುರಿಯುವುದು. ಒಂದು ದಿನವೂ ಎದುರು ಮಾತಾಡಲಿಲ್ಲ. ಅದನ್ನು ನೋಡಿ ನನಗೆ ಅಪ್ಪನ ಮೇಲೇ ಸಿಟ್ಟು ಬರುತ್ತಿತ್ತು.

ಅಪ್ಪ ತೀರಿಕೊಂಡ. ತಿಥಿ ಊಟದಲ್ಲಿ ಬಾವ, "ವಾಚು ಮಾವನ ಜೊತೇಲೇ ಮೇಲಕ್ಕೆ ಹೋಯ್ತು" ಅಂದರು. ಅವತ್ತು ಅಕ್ಕ ನಗಲಿಲ್ಲ. ಮಾರನೇ ವಾರ ನನ್ನ ಮುಂದೆ ಬಂದು ಕೂತಳು.

"ಅಪ್ಪನ ಮಾತು ಬಾಕಿ ಉಳೀಬಾರ್ದು ಕಣೋ. ಹಾಲಿನ ದುಡ್ಡಲ್ಲಿ ಒಂದಿಷ್ಟು ಎತ್ತಿಟ್ಟಿದೀನಿ. ಅಷ್ಟರಲ್ಲೇ ಚಿನ್ನದ ವಾಚು ಬೇಕು. ನೋಡಿದೋರು ಹೌದು ಅನ್ಬೇಕು."

"ಎಷ್ಟಿದೆಯಕ್ಕಾ?"

ಅಕ್ಕ ಸುತ್ತ ನೋಡಿದಳು. "ಗೋಡೆಗೂ ಕಿವಿ ಇರ್ತದೆ. ಅಂಗಡೀಲಿ ಹೇಳ್ತೀನಿ" ಅಂದಳು. ಅಂಗಡಿಯವನಿಗೆ ಕಿವಿ ಇಲ್ಲ ಅಂತ ಅವಳ ನಂಬಿಕೆ.

೨. ಅಳತೆ

ಕೈ ಅಳತೆ ಬೇಕಲ್ಲ, ಬಾವನಿಗೆ ಗೊತ್ತಾಗಬಾರದು. ಅಕ್ಕ ದೇವಸ್ಥಾನದ ದಾರ ಅಂತ ಹೇಳಿ ಬಾವನ ಎಡಗೈಗೆ ಕಟ್ಟಿದಳು. ಬೆಳಿಗ್ಗೆ ಅದನ್ನೇ ವಾಪಸು ಕೇಳಿದಳು. "ಒಂದೇ ದಿನಕ್ಕೆ ಯಾಕೇ ಬಿಚ್ತೀಯ?" ಅಂತ ಬಾವ ಗಾಬರಿ. "ದೇವರೇ ಬೇಡ ಅಂದ" ಅಂದುಬಿಟ್ಟಳು. ಬಾವ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಇಷ್ಟೆಲ್ಲ ಆಗಿ ಅಂಗಡಿಯಲ್ಲಿ ದಾರ ತೆಗೆದಿಟ್ಟರೆ ಅಂಗಡಿಯವರು, "ಬೆಲ್ಟಿಗೆ ಏಳು ತೂತು ಇರ್ತದಮ್ಮಾ, ಯಾರಿಗಾದ್ರೂ ಆಗ್ತದೆ" ಅಂದರು.

೩. ಸೆರಗಿನ ಕೆಳಗೆ

ಅಂಗಡಿ ಕೋಲಾರದ್ದೇ. ಅಂಗಡಿಯವರು ಮುಳಬಾಗಿಲ ಕಡೆಯವರು, ತೆಲುಗು ಬೆರೆತ ಮಾತು. "ಏಂ ಕಾವಾಲಮ್ಮಾ, ಏನು ಬೇಕು? ಯಾವ ರೇಟಲ್ಲಿ ತೋರಿಸ್ಲಿ?"

ದನದ ಸಂತೆಯಲ್ಲಿ ರೇಟನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಮುಚ್ಚಿ, ಅದರ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಹಸು ಕೊಂಡು ಕೊಂಡು ಅಕ್ಕನಿಗೆ ಅದೇ ಅಭ್ಯಾಸ. ನನ್ನ ಕೈ ಮೇಲೆ ಸೆರಗು ಹಾಕಿ, ಮೂರು ಬೆರಳು ಹಿಸುಕಿ, ಒಂದು ಬಿಟ್ಟು, ಅಂಗೈ ಗೀರಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲವೂ ಮೈಕಿನಲ್ಲಿ.

ಅಂಗಡಿಯವರು ನಕ್ಕು ಕೈ ಚಾಚಿದರು. "ನಿಮ್ಮ ತಮ್ಮನಿಗೆ ಬರಲ್ಲಮ್ಮ. ನನ್ನ ಕೈಗೆ ಹೇಳಿ, ನಮ್ಮ ತಾತಂದೂ ಎತ್ತಿನ ವ್ಯಾಪಾರ."

ಅಕ್ಕ ಸೆರಗು ಎಳೆದುಕೊಂಡಳು. "ಮಾರೋನ ಕೈಗೆ ಮೊದಲೇ ಬೆರಳು ಕೊಟ್ಟೋರು ಯಾರಾದ್ರೂ ಉದ್ಧಾರ ಆಗಿದಾರಾ?"

೪. ಫ್ಯಾಟು

ಮೊದಲು ಒಂದು ದೊಡ್ಡ ವಾಚು ತೆಗೆದರು. ಫಳಫಳ ಹೊಳೆಯುತ್ತಿತ್ತು, ನೋಡಿದರೆ ಮಿಠಾಯಿ ಅಂಗಡಿಯ ಜಹಂಗೀರು ಕೈಗೆ ಕಟ್ಟಿದ ಹಾಗಿತ್ತು. ನಾನು ಅದೇ ಇರಲಿ ಅಂದೆ. ಅಂಗಡಿಯವರು ಬೇಡ ಅಂದರು, ಅವರ ಬಾಯಿಗೆ ಸಕ್ಕರೆ ಹಾಕಬೇಕು.

"ಬೆರಳಲ್ಲಿ ಎಣಿಸೋ ದುಡ್ಡಿಗೆ ಅಪ್ಪಟ ಚಿನ್ನ ಬರಲ್ಲಮ್ಮ. ಒಳಗೆ ಸ್ಟೀಲು, ಮೇಲೆ ಚಿನ್ನದ ನೀರು."

"ಹಾಲಿಗೆ ನೀರು ಹಾಕಿದ್ರೆ ನಮ್ಮ ಡೈರೀಲಿ ವಾಪಸ್ ಕಳಿಸ್ತಾರೆ" ಅಂದಳು ಅಕ್ಕ. "ನೀವು ರಾಜಾರೋಷವಾಗಿ ಮಾರ್ತೀರಲ್ಲ!"

ಅವರು ತಾಳ್ಮೆಯಿಂದ ಹೇಳಿದರು. ಲೇಪ ಎಷ್ಟು ದಪ್ಪ ಅನ್ನೋದಕ್ಕೆ ಮೈಕ್ರಾನ್ ಅಂತ ಒಂದು ಲೆಕ್ಕ ಇದೆ. ಹೊಳಪಿಗಿಂತ ಅದು ಮುಖ್ಯ, ಅದಕ್ಕಿಂತ ಒಳಗಿನ ಮಿಷನ್ ಮುಖ್ಯ. ಚಿನ್ನದ ಬಣ್ಣದ ಚೈನು ಬೆವರಿಗೆ ಬೇಗ ಸವೆಯುತ್ತದೆ, ತೊಗಲಿನ ಬೆಲ್ಟಾದರೆ ಹಳತಾದ ಮೇಲೆ ಬದಲಾಯಿಸಬಹುದು. ಅಕ್ಕ ಎಲ್ಲ ಕೇಳಿ ತಲೆಯಾಡಿಸಿದಳು. "ಗೊತ್ತಾಯ್ತು ಬಿಡಿ. ಮೈಕ್ರಾನ್ ಅಂದ್ರೆ ನಮ್ಮ ಡೈರೀಲಿ ಹಾಲಿಗೆ ನೋಡೋ ಫ್ಯಾಟು. ಫ್ಯಾಟು ಜಾಸ್ತಿ ಇರೋದು ತೋರಿಸಿ."

ಕೊನೆಗೆ ಒಂದು ತೆಳ್ಳನೆಯದು ಸಿಕ್ಕಿತು. ಬಿಳಿ ಡಯಲು, ಎರಡೇ ಮುಳ್ಳು, ಕಂದು ಬೆಲ್ಟು. ಬಹಳ ಗಂಭೀರವಾಗಿತ್ತು. ನಾವು ದುಡ್ಡು ಕೊಟ್ಟು ಹೊರಡುವಾಗ ಅಂಗಡಿಯವರು ಪಕ್ಕದ ಗಿರಾಕಿಗೆ, "ಇದು ತಗೊಳ್ಳಿ ಸಾರ್, ಒಳ್ಳೇ ಫ್ಯಾಟು" ಅನ್ನುತ್ತಿದ್ದರು.

೫. ಯುಗಾದಿ

ಯುಗಾದಿಯ ದಿನ ಅಕ್ಕನ ಮನೆಯಲ್ಲಿ ಅಪ್ಪನ ಫೋಟೋ ಮುಂದೆ ವಾಚಿಟ್ಟು ಪೂಜೆ ಮಾಡಿದೆವು. ಅಪ್ಪನ ಬದಲು ಮಗನೇ ಕಟ್ಟಬೇಕಲ್ಲ, ನಾನು ವಾಚು ತೆಗೆದುಕೊಂಡು ಬಾವನ ಹತ್ತಿರ ಹೋದೆ. ಬಾವ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

"ಬೇಡ ಕಣಪ್ಪ. ನಿಮ್ಮಪ್ಪ ಕೊಟ್ಟಿದ್ರು."

"ಏನು ಕೊಟ್ಟಿದ್ರು?"

"ವಾಚು. ಮದುವೆ ಆದ ಮೊದಲ್ನೇ ಯುಗಾದಿಗೇ. ನಿಮ್ಮಕ್ಕ ಆವಾಗ ತವರಲ್ಲಿ ಬಾಣಂತಿ. ಅವ್ರು ಇಲ್ಲಿಗೇ ಬಂದು ಕಟ್ಟಿ ಹೋದ್ರು. ಮೂರನೇ ದಿನ ಗಡಿ ದಾಟಿ ಕೋಳಿ ಪಂದ್ಯಕ್ಕೆ ಹೋದೆ. ಕೋಳೀನೂ ಹೋಯ್ತು, ವಾಚೂ ಹೋಯ್ತು. ಮಗಳಿಗೆ ಹೇಳ್ಬೇಡಿ ಅಂತ ನಿಮ್ಮಪ್ಪನ ಕಾಲು ಹಿಡ್ಕೊಂಡೆ. 'ಹೇಳಲ್ಲ ಬಿಡು, ಅವಳು ನಿನ್ನ ಜೊತೆ ಬಾಳಬೇಕಲ್ಲ' ಅಂದ್ರು."

"ಮತ್ತೆ ಊಟಕ್ಕೆ ಕೂತಾಗೆಲ್ಲ ಆಡ್ಕೊಳ್ತಿದ್ರಲ್ಲ ಬಾವ?"

"ಯಾರೋ ವಾಚೆಲ್ಲಿ ಅಂತ ಕೇಳಿದ್ರು, ಬಾಯಿಗೆ ಬಂದದ್ದು ಅಂದೆ. ಎಲ್ರೂ ನಕ್ರು. ಆಮೇಲೆ ಹೇಳೋದು ಬಿಟ್ರೆ ಅನುಮಾನ ಬರ್ತದೆ ಅಂತ ಹೇಳ್ತಾನೇ ಬಂದೆ."

ಬಾವನ ಮೇಲಿನದಕ್ಕಿಂತ ನನ್ನ ಮೇಲೇ ಸಿಟ್ಟು ಹೆಚ್ಚಾಯಿತು. ಅಪ್ಪ ಮಾತು ತಪ್ಪಿದವನು ಅಂತ ಮೂವತ್ತೈದು ವರ್ಷ ನಂಬಿದವನು ನಾನು. ಆತ ಅಳಿಯನಿಗೆ ಕೊಟ್ಟ ಮಾತು ಎರಡನ್ನೂ ಉಳಿಸಿಕೊಂಡು, ತಲೆ ತಗ್ಗಿಸಿ ಉಂಡು ಎದ್ದಿದ್ದ. ಫೋಟೋ ಕಡೆ ನೋಡುವುದಕ್ಕೆ ನನಗೆ ಧೈರ್ಯ ಬರಲಿಲ್ಲ.

ಅಕ್ಕ ಎದ್ದು ಬಂದಳು. ನನ್ನ ಕೈಯಿಂದ ವಾಚು ತೆಗೆದುಕೊಂಡು ತನ್ನ ಎಡಗೈಗೆ ಕಟ್ಟಿಕೊಂಡಳು. ಅಪ್ಪನಿಗೆ ಕೈಮುಗಿದು, ಎಲ್ಲರಿಗೂ ಒಬ್ಬಟ್ಟು ಬಡಿಸಿದಳು. ಬಾವನಿಗೂ ಬಡಿಸಿದಳು, ಆದರೆ ತುಪ್ಪ ಹಾಕಲಿಲ್ಲ.

ಮಾರನೇ ಬೆಳಿಗ್ಗೆ ಅಕ್ಕ ಚಿನ್ನದ ವಾಚು ಕಟ್ಟಿಕೊಂಡೇ ಡೈರಿಗೆ ಹೊರಟಳು. ಜಗಲಿಯ ಮೇಲೆ ಕೂತಿದ್ದ ಬಾವ ಹೇಗಾದರೂ ಮಾತು ಶುರುವಾಗಲಿ ಅಂತ ಮೆಲ್ಲಗೆ, "ಟೈಮೆಷ್ಟಾಯ್ತೇ?" ಅಂದರು.

ಅಕ್ಕ ತಿರುಗಿಯೂ ನೋಡಲಿಲ್ಲ.

"ನಿಮ್ಮ ಕೋಳೀನ ಕೇಳಿ."