ಶರಣಪ್ಪನ ಗಲ್ಲ

ರೋಗಿಯ ಬಾಯಿ ತೆರೆಸಿ ಕೂರಿಸಿದರೆ ಅವನು ಮಾತಾಡಲಾರ, ನೆಮ್ಮದಿಯಿಂದ ಕೆಲಸ ಮಾಡಬಹುದು ಎಂಬ ಆಸೆಯಿಂದಲೇ ನಾನು ಹಲ್ಲಿನ ಡಾಕ್ಟರಾದದ್ದು. ಕುರ್ಚಿ ಏರುವ ಮುಂಚೆಯೂ ಇಳಿದ ಮೇಲೂ ಮನುಷ್ಯನಿಗೆ ಬಾಯಿ ಇರುತ್ತದೆ ಎಂಬುದನ್ನು ಯೋಚಿಸಿರಲಿಲ್ಲ. ಎಂಬತ್ತರ ದಶಕದ ನಡುವೆ ರಾಯಚೂರಿನಲ್ಲಿ ನಾನು ದವಾಖಾನೆ ನಡೆಸುತ್ತಿದ್ದಾಗ, ಅಮೆರಿಕದಲ್ಲಿ ಮುಖದ ಸುಕ್ಕು, ಕುಳಿಗಳಿಗೆ ಸೂಜಿಯಿಂದ ಮದ್ದು ತುಂಬಿ ಸಮ ಮಾಡುತ್ತಾರೆಂದು ಯಾವುದೋ ವಾರಪತ್ರಿಕೆ ಬರೆದುಬಿಟ್ಟಿತು. ಹಲ್ಲು ಕೀಳಿಸಲು ಬಂದವರೆಲ್ಲ ಗಲ್ಲ ಮುಟ್ಟಿಕೊಂಡು ಆ ಸೂಜಿಯ ವಿಚಾರ ಕೇಳತೊಡಗಿದರು. ನೋಯುತ್ತದೆಯೇ, ನಕ್ಕರೆ ಜಾರುತ್ತದೆಯೇ, ಮದ್ದು ಇಳಿದ ಮೇಲೆ ಮುಖ ಮೊದಲಿಗಿಂತ ಕೆಡುತ್ತದೆಯೇ? ನನಗೂ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಗೊತ್ತಿಲ್ಲವೆನ್ನಲು ಡಾಕ್ಟರಿಗೆ ಸಂಕೋಚ. ಹಾಗಾಗಿ ಗಂಭೀರವಾಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಹೀಗೆ ಕೇಳಿದವರಲ್ಲಿ ದೇವದುರ್ಗದ ಶರಣಪ್ಪನವರನ್ನು ಮಾತ್ರ ನಾನು ಮರೆತಿಲ್ಲ. ಐವತ್ತು ದಾಟಿದ ರೈತ. ಬಯಲಾಟದಲ್ಲಿ ಹರೆಯದಿಂದಲೂ ಅವರದೇ ರಾಣಿಯ ಪಾತ್ರ. ಒಸಡಿನ ಬೇನೆಗೆ ಹಲ್ಲೆಲ್ಲ ಹೋಗಿ ಎರಡೂ ಗಲ್ಲ ಒಳಸೇರಿದ್ದವು. ಈ ಸಲ ರಾಣಿಯ ಸೀರೆಯನ್ನು ಬೇರೊಬ್ಬನಿಗೆ ಉಡಿಸೋಣವೆಂದು ಮೇಳದವರು ಮಾತಾಡಿಕೊಂಡಿದ್ದರಂತೆ.

“ಆ ಸೂಜಿ ನನಗೊಂದು ಹಾಕ್ರಿ ಡಾಕ್ಟ್ರೆ,” ಎಂದರು. “ಎಷ್ಟು ದಿನ ಇರ್ತದ್ರಿ ಅದು?”

“ಕೆಲವು ತಿಂಗಳು ಅಂತಾರೆ.”

“ನಮ್ಮ ರಾಯಚೂರು ಬಿಸಿಲಿಗೆ ಕರಗಂಗಿಲ್ಲೇನ್ರಿ?”

ಈ ಪ್ರಶ್ನೆ ಅಮೆರಿಕದಲ್ಲಿ ಯಾರೂ ಕೇಳಿರಲಾರರು. ಕನ್ನಡಕ ಒರೆಸಿಕೊಂಡೆ.

“ಅದರಾಗ ಏನು ತುಂಬ್ತಾರ್ರಿ?”

ಇದೊಂದು ಗೊತ್ತಿತ್ತು. “ಆಕಳ ಚರ್ಮದಿಂದ ತೆಗೆದದ್ದು.”

ಶರಣಪ್ಪನವರ ಕೈ ಕೊರಳಿನ ಲಿಂಗದ ಕಡೆಗೆ ಹೋಯಿತು. ಆಮೇಲೆ, “ಬ್ಯಾಡ್ರಿ ಬಿಡ್ರಿ. ಸೀರಿ ಅವನೇ ಉಡ್ಲಿ,” ಎಂದು ಎದ್ದರು. ಆ ದನಿ ಕೇಳಿ ನನಗೆ ತಡೆಯಲಾಗಲಿಲ್ಲ. “ಸೂಜಿ ನನ್ನ ಹತ್ತಿರವೂ ಇಲ್ಲ, ಕೂಡ್ರಿ. ಹಲ್ಲಿನ ಸೆಟ್ಟು ಮಾಡಿ ಗಲ್ಲ ತುಂಬಿಸ್ತೀನಿ,” ಎಂದೆ.

ಅಳತೆ ತೆಗೆದು, ಗಲ್ಲ ಉಬ್ಬಲೆಂದು ಎರಡೂ ಬದಿ ತುಸು ದಪ್ಪಗೇ ಮಾಡಿಸಿದೆ. ಹಾಕಿಕೊಂಡು ಕನ್ನಡಿ ನೋಡಿದ ಶರಣಪ್ಪನವರು ತಲೆಯ ಮೇಲೆ ಟವೆಲನ್ನು ಸೆರಗಿನಂತೆ ಎಳೆದುಕೊಂಡು, “ಬಂದಳ್ರಿ ನಮ್ಮಾಕಿ!” ಎಂದರು. ನಾನು ಊರಲ್ಲೆಲ್ಲ ಎದೆಯುಬ್ಬಿಸಿ ತಿರುಗಿದೆ.

ವಾರ ಕಳೆಯುವುದರೊಳಗೆ ಅವರು ಮತ್ತೆ ಬಂದರು. ತಾಲೀಮಿನಲ್ಲಿ ಹಾಡಲು ಬಾಯಿ ತೆರೆದರೆ ‘ಸ್ವಾಮಿ’ ಎಂಬುದು ಸೀಟಿಯಾಗಿ ಹೊರಡುತ್ತಿತ್ತಂತೆ. ಮೇಲಿನ ಸ್ವರಕ್ಕೆ ಏರಿದರೆ ಹಲ್ಲು ಕೆಳಗಿಳಿಯುತ್ತಿತ್ತಂತೆ. ಉಜ್ಜಿದೆ, ತಿದ್ದಿದೆ. ಸ್ವರ ಸರಿಹೋದಷ್ಟೂ ಗಲ್ಲ ಬತ್ತಿತು. “ಇಷ್ಟಕ್ಕ ನಿಲ್ಲಿಸ್ರಿ. ಮುಂದಿಂದು ನಾ ನೋಡ್ಕೋತೀನಿ. ಆಟಕ್ಕ ಬರ್ರಿ,” ಎಂದು ಹೊರಟುಹೋದರು.

ಆಟ ಮಾನ್ವಿ ಹತ್ತಿರದ ಹಳ್ಳಿಯಲ್ಲಿ. ನನ್ನನ್ನು ರಂಗದ ಪಕ್ಕದಲ್ಲೇ ಕೂರಿಸಿದರು. ಅರಮನೆಯ ದೃಶ್ಯಗಳಲ್ಲಿ ರಾಣಿ ತುಂಬುಗಲ್ಲದಿಂದ ಮೆರೆದಳು. ಹಾಡನ್ನು ಸಖಿಯರಿಗೆ ಬಿಟ್ಟು ನಗುವುದನ್ನು ಮಾತ್ರ ತಾನಿಟ್ಟುಕೊಂಡಿದ್ದಳು. ಮೂಡಣ ಬೆಳ್ಳಗಾಗುವ ಹೊತ್ತಿಗೆ ರಾಣಿ ಬದಿಗೆ ಬಂದು, ಬಾಯಿಂದ ಸೆಟ್ಟು ತೆಗೆದು, ನನ್ನ ಬೊಗಸೆಯಲ್ಲಿಟ್ಟು ಹೇಳಿದಳು: “ಇವು ಚೂರು ಹಿಡ್ಕೊಂಡಿರ್ರಿ ಡಾಕ್ಟ್ರೆ. ಮಗ ಸತ್ತಾನ. ಅಳಬೇಕಾಗೇದ.”

ರಂಗಕ್ಕೆ ಮರಳಿದ್ದು ಬೇರೆಯೇ ಹೆಂಗಸು. ಗಲ್ಲ ಒಳಗಿಳಿದು, ತುಟಿ ಮುದುಡಿ, ಒಂದೇ ಗಳಿಗೆಯಲ್ಲಿ ಇಪ್ಪತ್ತು ವರ್ಷ ಮುಪ್ಪಾಗಿದ್ದಳು. ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಅವಳು ಎತ್ತಿದ ಹಾಡಿನಲ್ಲಿ ಒಂದು ಅಕ್ಷರವೂ ಜಾರಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ರಾಣಿಯ ಸೀರೆ ಉಡಬೇಕಿದ್ದ ಹುಡುಗ ದೂತನ ವೇಷದಲ್ಲೇ ನಿಂತು ಬಿಕ್ಕುತ್ತಿದ್ದ.

ಆಟ ಮುಗಿದ ಮೇಲೆ ಊರ ಹಿರಿಯರೊಬ್ಬರು ನನ್ನೆದುರು ಬಂದು, ತಮ್ಮ ಮುಖದ ಮೇಲೆ ಕೈಯಾಡಿಸಿ, “ಎಂಥಾ ಮಾರಿ ಮಾಡಿಕೊಟ್ಟೀರಿ ಡಾಕ್ಟ್ರೆ! ನೋಡಿದರ ಕರುಳು ಕಿತ್ತು ಬರ್ತದ,” ಎಂದು ಕೈಮುಗಿದರು. ತಿರುಗಿ ಕೈಮುಗಿಯೋಣವೆಂದರೆ, ನನ್ನ ವಿದ್ಯೆಯೆಲ್ಲ ಬೊಗಸೆಯಲ್ಲಿ ಹಲ್ಲುಕಿರಿದು ಕೂತಿತ್ತು.