ನಿಂತಲ್ಲೇ ಎಂಬತ್ತು

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ವೇಗ ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೈಸ್ಕೂಲಿನ ಮಕ್ಕಳಿಗೆ ನಾನೇ ಹೇಳಿಕೊಡುತ್ತಿದ್ದೆ. ಆದ್ದರಿಂದ ನನ್ನ ಮೋಟಾರ್ ಸೈಕಲ್ಲಿನ ಸ್ಪೀಡೋಮೀಟರ್ ಕೆಟ್ಟಿದೆ ಎಂದು ತಿಳಿದಾಗ ನನಗೆ ಗಾಬರಿಯಾಗಲಿಲ್ಲ. ಸಂತೋಷವೇ ಆಯಿತು!

ತಿಳಿಸಿದವರು ನಮ್ಮ ಡ್ರಾಯಿಂಗ್ ಮೇಷ್ಟ್ರು. ಶಾಲೆಯ ಬೇವಿನ ಮರದಡಿ ನಿಲ್ಲಿಸಿದ್ದ ಗಾಡಿಯನ್ನು ನೋಡಿ, "ಏನ್ ಸಾರ್, ಸ್ಟ್ಯಾಂಡ್ ಹಾಕಿದ್ರೂ ಎಂಬತ್ತರಲ್ಲಿ ಓಡ್ತಿದೀರ!" ಎಂದರು. ನೋಡಿದೆ. ಮುಳ್ಳು ಎಂಬತ್ತಕ್ಕೆ ಅಂಟಿಕೊಂಡಿತ್ತು. ಮೊನ್ನೆಮೊನ್ನೆಯವರೆಗೂ ಸರಿಯಾಗಿತ್ತಲ್ಲ ಎಂದುಕೊಂಡೆ. ನನ್ನ ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ. ಆದರೂ ಒಂದು ವಿಷಯದಲ್ಲಿ ಅನುಮಾನವಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಸರೋಜಳನ್ನು ಹಿಂದೆ ಕೂರಿಸಿಕೊಂಡು ಅಂಬಾಜಿದುರ್ಗದ ಕಡೆಯ ರಸ್ತೆಯಲ್ಲಿ ಹೋಗುವಾಗ ಇದೇ ಮುಳ್ಳು ಎಂಬತ್ತು ಮುಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕೆಟ್ಟಿದ್ದ ಮುಳ್ಳು ಅದನ್ನು ತೋರಿಸೀತೇ?

ಸಂಜೆ ರಿಪೇರಿಗೆ ಕೂತೆ. ಮುಂದಿನ ಚಕ್ರದಿಂದ ಬರುವ ಕೇಬಲ್ಲನ್ನು ಮೀಟರಿನ ಕಡೆ ಬಿಚ್ಚಿ, "ಸರೋಜಾ, ಸ್ವಲ್ಪ ಚಕ್ರ ತಿರುಗಿಸು ಬಾ" ಎಂದು ಕರೆದೆ.

"ನಂಗೆ ಪುರ್ಸೊತ್ತಿಲ್ಲ ರೀ. ಬೆಳಿಗ್ಗೆ ತಂಪೊತ್ನಲ್ಲೇ ಶಿಡ್ಲಘಟ್ಟಕ್ಕೆ ಗೂಡು ಹೋಗ್ಬೇಕು."

ಅದು ಅವಳ ಮೊದಲ ರೇಷ್ಮೆ ಬೆಳೆ. ನಮ್ಮ ದಿಬ್ಬೂರಹಳ್ಳಿಯ ಮನೆಯ ಹಿಂದಿನ ಕೋಣೆಯಲ್ಲಿ ಹುಳು ಮೇಯಿಸಿ, ಪೊರೆ ಬಿಡುವ ನಾಲ್ಕು ಜ್ವರ ದಾಟಿಸಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಒಂದೊಂದೇ ಗೂಡು ಬಿಡಿಸಿದ್ದಳು. "ಮೇಷ್ಟ್ರ ಹೆಂಡ್ತಿ ಕೈಲಿ ಹುಳು ಬದುಕ್ತಾವಾ?" ಎಂದು ಅವಳ ಅತ್ತಿಗೆ ನಕ್ಕಿದ್ದಳಂತೆ. ಮಾರುಕಟ್ಟೆಯಲ್ಲಿ ಹರಾಜು ಕೂಗುವಾಗ ತಾನೇ ನಿಂತು ಕೇಳಬೇಕು, ಮರುದಿನ ಅತ್ತಿಗೆಯ ಮನೆಗೆ ಹೋಗಿ ಆ ಬೆಲೆ ಹೇಳಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ.

ಆದರೂ ಬಂದು ಚಕ್ರ ತಿರುಗಿಸಿದಳು. ಕೇಬಲ್ಲಿನ ಒಳತಂತಿ ಚೆನ್ನಾಗಿ ಸುತ್ತಿತು. ಹಾಗಾದರೆ ರೋಗ ಮೀಟರಿನೊಳಗೆ! ಗಾಜು ತೆಗೆದೆ. ಮುಳ್ಳನ್ನು ಮೆಲ್ಲಗೆ ಅಲುಗಿಸಿದೆ. ಅದು ಕೈಗೇ ಬಂತು!

ಸಂದುಗಳನ್ನು ಒರೆಸಿ ಎಣ್ಣೆ ಬಿಟ್ಟ ಮೇಲೆ ಒಂದು ತಾತ್ವಿಕ ಪ್ರಶ್ನೆ ಎದ್ದಿತು. ಮುಳ್ಳನ್ನು ತಿರುಗಿ ಎಲ್ಲಿ ಕೂರಿಸುವುದು? ಗಾಡಿ ನಿಂತಾಗ ಅದು ಸೊನ್ನೆಯ ಮೇಲಿರುತ್ತಿತ್ತೋ, ಕೆಳಗಿರುತ್ತಿತ್ತೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಂದಾಜಿನ ಮೇಲೆ ಒತ್ತಿ ಕೂರಿಸಿದೆ.

ಬೆಳಿಗ್ಗೆ ಸರೋಜ ಗೂಡನ್ನು ತೆಳುಬಟ್ಟೆಯ ಚೀಲದಲ್ಲಿ ಸಡಿಲವಾಗಿ ತುಂಬಿದ್ದಳು. ದೂಳು ಕೂರುತ್ತದೆಂದು ನಾನು ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿಯಾಗಿ ಕಟ್ಟಿದೆ.

"ಗೂಡು ಉಸಿರಾಡ್ಬೇಕು ರೀ!"

"ಮುಕ್ಕಾಲು ಗಂಟೆ ದಾರಿ ಕಣೇ. ಅಷ್ಟರಲ್ಲಿ ಏನಾಗುತ್ತೆ?"

ಮುಕ್ಕಾಲು ಗಂಟೆಯಲ್ಲಿ ಮುಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ದಾರಿಯಲ್ಲಿ ಕೆರೆ ಏರಿಯ ಪಕ್ಕ ನೇರವಾದ ರಸ್ತೆ ಸಿಕ್ಕಿತು. ಅಲ್ಲಿ ಇನ್ನೂರು ಮೀಟರಿಗೊಂದು ಚಿಕ್ಕ ಕಲ್ಲು. ಮೂವತ್ತಾರರ ವೇಗದಲ್ಲಿ ಹೋದರೆ ಕಲ್ಲಿನಿಂದ ಕಲ್ಲಿಗೆ ಸರಿಯಾಗಿ ಇಪ್ಪತ್ತು ಸೆಕೆಂಡು! ಮುಳ್ಳು ನಿಜ ಹೇಳುತ್ತಿದೆಯೋ ಇಲ್ಲವೋ ತಿಳಿಯಲು ದೇವರೇ ನೆಟ್ಟ ಕಲ್ಲುಗಳು. ಸರೋಜಳನ್ನು ಇಳಿಸಿ ಕೈಗಡಿಯಾರ ಕೊಟ್ಟೆ.

"ಐದೇ ನಿಮಿಷ."

"ಚೀಲಾನಾದ್ರೂ ಇಳ್ಸಿ, ನೆಳ್ಳಲ್ಲಿಡ್ತೀನಿ."

"ಭಾರ ಬದಲಾದರೆ ಪ್ರಯೋಗ ಕೆಡುತ್ತೆ."

"ನಾನಿಳಿದ್ನಲ್ಲ, ಭಾರ ಬದಲಾಗ್ಲಿಲ್ವಾ?"

ವಿಶ್ವವಿದ್ಯಾಲಯದಲ್ಲಿ ನನ್ನನ್ನು ಯಾರೂ ಇಷ್ಟು ಕಷ್ಟದ ಪ್ರಶ್ನೆ ಕೇಳಿರಲಿಲ್ಲ. ಗಾಡಿ ಹೊರಡಿಸಿದೆ.

ಮೊದಲ ಸಲ ಹದಿನಾಲ್ಕು ಸೆಕೆಂಡು. ಎರಡನೇ ಸಲ ಮೂವತ್ತೊಂದು. ಮೂರನೇ ಸಲ ನಡುವೆ ಬಸ್ಸು ಬಂದು ಲೆಕ್ಕ ತಪ್ಪಿತು. ಆಮೇಲೆ ಮೊದಲನೆಯದು ಹದಿನಾಲ್ಕೋ ಹದಿನೇಳೋ ಎಂದು ನನಗೇ ಅನುಮಾನ ಬಂತು. ಬರೆದಿಟ್ಟುಕೊಂಡಿರಲಿಲ್ಲ. ಅನುಮಾನ ಬಂದ ಮೇಲೆ ವಿಜ್ಞಾನದಲ್ಲಿ ಒಂದೇ ದಾರಿ. ಮೊದಲಿನಿಂದ ಶುರು!

ಕುರಿ ಹೊಡೆದುಕೊಂಡು ಬಂದ ಮುದುಕರೊಬ್ಬರು ಬಹಳ ಹೊತ್ತು ನಿಂತು ನೋಡಿದರು. "ಏಮಯ್ಯಾ ಮೇಷ್ಟ್ರೇ, ಆಯಮ್ಮನ್ನ ಬಿಟ್ಟೋಗ್ತೀಯ, ತಿರ್ಗಿ ಬರ್ತೀಯ, ತಿರ್ಗಿ ಬಿಟ್ಟೋಗ್ತೀಯ. ಏನ್ ಜಗಳಾನಪ್ಪ?"

"ಜಗಳ ಅಲ್ಲ ತಾತ," ಎಂದಳು ಸರೋಜ. "ಗಾಡಿಗೆ ಪರೀಕ್ಷೆ."

"ಪಾಸಾಯ್ತಾ?"

"ಬಿಸ್ಲು ಪಾಸಾಗ್ತಿದೆ ತಾತ."

ನಡುನಡುವೆ ಗಾಜು ಬಿಚ್ಚಿ ಮುಳ್ಳು ಸರಿಸುತ್ತಾ ಹನ್ನೊಂದು ಸುತ್ತು ಹಾಕಿದೆ. ಹನ್ನೊಂದು ಉತ್ತರ ಬಂತು. ಅಷ್ಟು ಹೊತ್ತೂ ಗೂಡಿನ ಚೀಲ ಪ್ಲಾಸ್ಟಿಕ್ಕಿನೊಳಗೆ, ಕಾದ ಸೈಲೆನ್ಸರಿನ ಮಗ್ಗುಲಲ್ಲಿ, ನೆತ್ತಿಗೇರುತ್ತಿದ್ದ ಬಿಸಿಲಿನಲ್ಲಿ ಏರಿಯ ಉದ್ದಕ್ಕೂ ಕುಲುಕುತ್ತಿತ್ತು.

ಶಿಡ್ಲಘಟ್ಟ ಮುಟ್ಟಿದಾಗ ಹರಾಜು ಮುಗಿಯುತ್ತಾ ಬಂದಿತ್ತು. ನೂಲು ತೆಗೆಯುವವರು ಹಲವರು ಆಗಲೇ ಹೊರಟಿದ್ದರು. ಉಳಿದಿದ್ದ ಅನ್ವರ್ ಸಾಬ್ ಎಂಬ ಹಿರಿಯರು ನಮ್ಮ ಚೀಲ ಬಿಚ್ಚಿಸಿದರು. ಬಿಸಿ ಹಬೆಯೊಂದು ಮುಖಕ್ಕೆ ಹೊಡೆಯಿತು. ಅವರು ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಇನ್ನೊಂದನ್ನು ಅಲ್ಲಾಡಿಸಿದರು. ಮೂರನೆಯದನ್ನು ಸರೋಜಳ ಕೈಗೆ ಕೊಟ್ಟರು.

"ನೀವೇ ಕೇಳಿ ಅಮ್ಮ. ಹುಳ ಬದುಕಿದ್ರೆ ಒಳಗೆ ಟಕಟಕ ಅಂತದೆ. ಇದು ಮಾತೇ ಆಡಲ್ಲ. ಬೆಳೆ ಚೆನ್ನಾಗೇ ಮಾಡಿದೀರ. ದಾರೀಲಿ ಬೆಂದೋಗಿದೆ."

ಅವಳು ಬಹಳ ಹೊತ್ತು ಅದನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದಳು. ಹರಾಜಿನಲ್ಲಿ ನಮ್ಮ ಗೂಡನ್ನು ಯಾರೂ ಕೂಗಲಿಲ್ಲ. ಕೆಟ್ಟ ಗೂಡು ಕೊಳ್ಳುವವನೊಬ್ಬ ಮೂಲೆಯಲ್ಲಿ ಕೂತಿದ್ದ. ಅವನ ಬುಟ್ಟಿಗೆ ಸುರಿದು ಬಂದೆವು.

ವಾಪಸು ಬರುವಾಗ ಕೆರೆ ಏರಿ ದಾಟುವವರೆಗೂ ಅವಳು ಖಾಲಿ ಚೀಲವನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ತಡೆಯಲಾರದೆ ನಾನೇ ವಾದ ಶುರು ಮಾಡಿದೆ. "ಆ ಮುಳ್ಳು ಚೆನ್ನಾಗೇ ಇತ್ತು ಕಣೇ. ಅವತ್ತು ಅಂಬಾಜಿದುರ್ಗದ ಹತ್ರ ಎಂಬತ್ತು ತೋರಿಸಿತ್ತಲ್ಲ!"

"ನೀವು ಹೆಣ್ಣು ನೋಡೋಕೆ ಬಂದಾಗ ನಮ್ಮನೆ ಮುಂದೆ ಗಾಡಿ ನಿಲ್ಸಿದ್ರಲ್ಲ, ಆಗ್ಲೂ ಎಂಬತ್ತೇ ಇತ್ತು," ಎಂದಳು. "ಅದು ಇರೋದೇ ಹಂಗೆ ಅಂದ್ಕೊಂಡಿದ್ದೆ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಎಂಬತ್ತು, ಎಂಬತ್ತು ಅಂತ ಎಲ್ಲಾರ ಹತ್ರ ಅಷ್ಟು ಖುಷಿಯಾಗಿ ಹೇಳ್ಕೊತಿದ್ರಿ. ನಾನ್ಯಾಕೆ ಕೆಡಿಸ್ಲಿ?"

ಅವಳು ನನ್ನ ಖುಷಿಯನ್ನು ಕೆಡಿಸಿರಲಿಲ್ಲ. ನಾನು?

"ಹಾಗಾದರೆ ಅವತ್ತು ಎಷ್ಟು ವೇಗದಲ್ಲಿ ಹೋಗ್ತಿದ್ವಿ?"

"ನಂಗೇನ್ ಗೊತ್ತು? ಹಾಲಿನ ಕ್ಯಾನು ಕಟ್ಕೊಂಡಿದ್ದ ಸೈಕಲ್ಲೋನೊಬ್ಬ ನಮ್ಮನ್ನ ದಾಟ್ಕೊಂಡು ಹೋದ. ಸೈಡು ಬಿಡಿ ಅಂತ ಬೆಲ್ಲು ಬೇರೆ ಹೊಡ್ದ."

ಆ ಬೆಲ್ಲು ನನಗೂ ಚೆನ್ನಾಗಿ ನೆನಪಿತ್ತು. ಎಂಬತ್ತರ ವೇಗದಲ್ಲಿ ಹೋದರೆ ಗಾಳಿ ಕಿವಿಯೊಳಗೆ ಹಾಗೆ ಗಂಟೆ ಬಾರಿಸುತ್ತದೆ ಎಂದು ನಾನು ಎಂಟು ವರ್ಷದಿಂದ ಒಂಬತ್ತನೇ ತರಗತಿಗೆ ಪಾಠ ಹೇಳುತ್ತಿದ್ದೆ.