ಹೈಡ್ರೋನಿಯಂ ಪಾಠದಿಂದ ಮನೆ ಒಡೆಯಿತೆಂಬ ಆರೋಪದ ಬಗ್ಗೆ

ಇಂದ:
ಪ್ರೇಮಾವತಿ, ವಿಜ್ಞಾನ ಅಧ್ಯಾಪಿಕೆ
(ಊರು: ಅಜ್ಜಾವರ)

ಗೆ:
ಸಂಚಾಲಕರು, ವಾಗ್ದೇವಿ ಹೈಸ್ಕೂಲು, ಪುತ್ತೂರು ತಾಲೂಕು

ದಿನಾಂಕ: 4-2-1963

ವಿಷಯ: ವಿದ್ಯಾರ್ಥಿನಿ ಗೋದಾವರಿಯನ್ನು ಶಾಲೆಗೆ ಮರಳಿ ಸೇರಿಸುವ ಕುರಿತು.
ಉಲ್ಲೇಖ: ತಮ್ಮ ಕಾರಣ ಕೇಳುವ ನೋಟೀಸು, 28-1-1963.

ಮಾನ್ಯರೇ,

1. ಅರ್ಜಿದಾರಳು ನವೆಂಬರಿನಲ್ಲಿ ಹನ್ನೊಂದನೆಯ ತರಗತಿಗೆ ಆಮ್ಲಗಳ ಪಾಠ ಮಾಡಿದ್ದು ನಿಜ. ಜಲಜನಕದ ಅಯಾನು ನೀರಿನಲ್ಲಿ ಒಂಟಿಯಾಗಿರದೆ, ನೀರಿನ ಅಣುವೊಂದನ್ನು ಕೂಡಿಕೊಂಡು ಹೈಡ್ರೋನಿಯಂ ಆಗುತ್ತದೆ ಎಂದು ಹೇಳಿದ್ದೂ ನಿಜ.

2. ಬೆಟ್ಟಂಪಾಡಿಯ ಗೋದಾವರಿ ಇದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದಳು. ಕೇಳಿದವರು ಆಕೆಯ ಸೋದರತ್ತೆ ಶಂಕರಿ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲಿದ್ದವರು. ಡಿಸೆಂಬರ್ 12ರಂದು ಅವರು ಶಾಲೆಗೆ ಬಂದರು.

"ಟೀಚರೇ, ಅದು ಒಂಟಿ ಇರುದಿಲ್ಲ ಅಂತ ಹೇಳಿದ್ದು ಹೌದಾ?"

"ಹೌದು. ಹತ್ತಿರದ ನೀರನ್ನು ಹಿಡ್ಕೊಳ್ತದೆ."

"ಯಾರೂ ಎಂತದೂ ಹೇಳುದಿಲ್ವಾ?"

"ಹೇಳ್ಲಿಕ್ಕೆ ಯಾರುಂಟು? ಅದರ ಸ್ವಭಾವವೇ ಹಾಗೆ."

ಶಂಕರಿಯವರು ನಕ್ಕು ಹೋದರು. ಅಯಾನು ಅಲ್ಲಿಯೂ ನಿಲ್ಲದೆ ಮುಂದಿನ ಅಣುವಿಗೆ ದಾಟುತ್ತದೆಂಬುದು ಪಠ್ಯದಲ್ಲಿಲ್ಲದ ಕಾರಣ ತಿಳಿಸಲಾಗಲಿಲ್ಲ.

3. ಜನವರಿ 7ರಂದು ಅವರು ಹೊಲಿಗೆ ಯಂತ್ರ ರಿಪೇರಿಯ ರಾಮಪ್ರಸಾದರನ್ನು ರಿಜಿಸ್ಟರ್ ಮದುವೆಯಾದರು. ಮರುದಿನ ಅಣ್ಣ ತಿರುಮಲೇಶ್ವರ ಭಟ್ಟರು ಶಾಲೆಗೆ ಬಂದು, "ನೀವು ಕಲಿಸುದು ವಿಜ್ಞಾನವಾ, ಮನೆ ಒಡೆಯುವ ವಿದ್ಯೆಯಾ?" ಎಂದು ಕೇಳಿ, ಮಗಳನ್ನು ಬಿಡಿಸಿಕೊಂಡು ಹೋದರು. ಗೋದಾವರಿ ಬೆಂಚಿನ ಅಂಚನ್ನು ಹಿಡಿದಿದ್ದಳು. ಕೈ ಬಿಡಿಸಬೇಕಾಯಿತು.

4. ಮದುವೆಯ ನೋಟೀಸನ್ನು ಶಂಕರಿಯವರು ಡಿಸೆಂಬರ್ 3ರಂದೇ ಕೊಟ್ಟಿದ್ದರೆಂದು ರಿಜಿಸ್ಟ್ರಾರ್ ಕಚೇರಿಯ ನಕಲಿನಿಂದ ತಿಳಿದಿದೆ. ಆದ್ದರಿಂದ ಮದುವೆಗೆ ಹೈಡ್ರೋನಿಯಂ ಕಾರಣವಲ್ಲ. ಎಲ್ಲ ನಿಶ್ಚಯವಾದ ಮೇಲೂ ಅವರು ಅಷ್ಟು ದೂರ ನಡೆದು ಬಂದು ಕೇಳಿದ್ದೇಕೆಂದು ಅರ್ಜಿದಾರಳು ಇಂದಿಗೂ ಯೋಚಿಸುತ್ತಿದ್ದಾಳೆ.

5. ಮುಖ್ಯೋಪಾಧ್ಯಾಯರು, "ಜಲಜನಕ ಒಂಟಿಯೇ ಅಂತ ಬರೆದು ಕೊಡಿ ಮಾರಾಯ್ರೆ, ಯಾರಿಗೆ ನಷ್ಟ?" ಎಂದರು. ಅರ್ಜಿದಾರಳು ನಾಲ್ಕು ಸಲ ಬರೆಯಲು ಕುಳಿತಳು. ಆಗಲಿಲ್ಲ.

6. ಆ ಮನೆಯಿಂದ ಎಸ್.ಎಸ್.ಎಲ್.ಸಿ.ವರೆಗೆ ಬಂದ ಮೊದಲ ಹುಡುಗಿ ಗೋದಾವರಿ. ಪರೀಕ್ಷೆಗೆ ಉಳಿದಿರುವುದು ಆರು ವಾರ. ಅರ್ಜಿದಾರಳು ಶಾಲೆಯಲ್ಲಿ ಇಲ್ಲದಿದ್ದರೆ ಮಗಳನ್ನು ಕಳುಹಿಸುವುದಾಗಿ ಭಟ್ಟರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ.

ಆದಕಾರಣ, ಲಗತ್ತು 3ರಲ್ಲಿ ತಾವು ತಾರೀಕು ತುಂಬಿ, ಅದೇ ತಾರೀಕಿಗೆ ಗೋದಾವರಿಯ ಹೆಸರನ್ನು ಹಾಜರಿ ಪುಸ್ತಕದಲ್ಲಿ ಮರಳಿ ಬರೆಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಪ್ರೇಮಾವತಿ

ಲಗತ್ತುಗಳು:
1. ಮದುವೆ ನೋಟೀಸಿನ ನಕಲು.
2. ಗೋದಾವರಿಯ ಅರ್ಧವಾರ್ಷಿಕ ಉತ್ತರಪತ್ರಿಕೆ. ರಸಾಯನಶಾಸ್ತ್ರದಲ್ಲಿ ಐವತ್ತಕ್ಕೆ ನಲವತ್ತೇಳು.
3. ಅರ್ಜಿದಾರಳ ರಾಜೀನಾಮೆ. ಸಹಿ ಆಗಿದೆ.